ರಾಡ್ ಸುಡುವ ಖಯಾಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಯಾರಾದರೂ ಹೊಸದೊಂದು ವಿದ್ಯೆ ಕಲಿಯೋಕೆ ಹೊರಟರೆ ಮೊದಲು ಎದುರಾಗೋ ಪ್ರಶ್ನೆ, "ಅದರಿಂದ ಏನು ಗಿಟ್ಟುತ್ತೆ?" ಹತ್ತಿ, ಮೆಕ್ಕೆಜೋಳ, ಮಂಡಕ್ಕಿ ಎಲ್ಲಕ್ಕೂ ಲೆಕ್ಕ ಇಟ್ಟು ಬೆಳೆದ ಊರು, ಕೇಳೋದರಲ್ಲಿ ತಪ್ಪಿಲ್ಲ. ಆದರೆ ವೆಲ್ಡಿಂಗನ್ನು ಹವ್ಯಾಸ ಮಾಡಿಕೊಂಡವರ ಹತ್ತಿರ ಅದಕ್ಕೆ ಉತ್ತರ ಇಲ್ಲ. ಗಿಟ್ಟೋದು ಏನೂ ಇಲ್ಲ, ಕೈಯಿಂದ ಹೋಗೋದೇ ಎಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನಾನು ಈಗ ಹಿತ್ತಲಲ್ಲಿ ಕೂತು ಗುಜರಿ ಕಬ್ಬಿಣದಲ್ಲಿ ಹಕ್ಕಿ, ಮೀನು, ಮತ್ತೆ ಇನ್ನೂ ಹೆಸರು ಇಡಲಾಗದ ಕೆಲವು ಆಕೃತಿ ಬೆಸೆಯುತ್ತೇನೆ. ದುಡ್ಡು ಎಲ್ಲಿ ಹೋಗುತ್ತೆ, ಯಾಕೆ ಹೋಗಲೇಬೇಕು ಅನ್ನೋದು ಇವತ್ತಿನ ಮಾತು.

"ಮಷಿನ್ ಎಷ್ಟು ಬಿತ್ತು ಮೇಡಂ?" ಅಂತ ಎಲ್ಲರೂ ಕೇಳುತ್ತಾರೆ. ಮಷಿನ್ನಿನ ಮಾತು ಬೇಗ ಮುಗಿಯುತ್ತೆ. ಹಿಂದೆ ವೆಲ್ಡಿಂಗ್ ಅಂದರೆ ಇಬ್ಬರು ಹೊರಬೇಕಾದ ತಾಮ್ರದ ಸುತ್ತಿನ ಟ್ರಾನ್ಸ್‌ಫಾರ್ಮರ್. ಈಗ ಹೆಗಲಿಗೆ ನೇತುಹಾಕಿಕೊಳ್ಳುವ ಇನ್ವರ್ಟರ್ ಮಷಿನ್ ಬಂದಿದೆ. 200 ಆಂಪಿಯರ್ ಅಂತ ಬರೆದಿರೋದು 6,000ದಿಂದ 12,000 ರೂಪಾಯಿ ಒಳಗೆ ಸಿಗುತ್ತೆ. ಅದರ ಮೈಮೇಲೆ ಡ್ಯೂಟಿ ಸೈಕಲ್ ಅಂತ ಒಂದು ಅಂಕಿ ಇರುತ್ತೆ, ಕೊಳ್ಳೋ ಮುಂಚೆ ಓದಿ. ಶೇಕಡಾ 60 ಅಂತಿದ್ದರೆ, ಆ ಆಂಪಿಯರಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಸುಡಬಹುದು, ಉಳಿದ 4 ನಿಮಿಷ ಮಷಿನ್ನಿಗೆ ವಿಶ್ರಾಂತಿ. ಕಲಿಯುವವರಿಗೆ ಇದೊಂದು ತೊಡಕೇ ಅಲ್ಲ. ಮಷಿನ್ನಿಗಿಂತ ಮೊದಲು ನಮಗೇ ವಿಶ್ರಾಂತಿ ಬೇಕಾಗುತ್ತೆ.

ನಿಜವಾದ ಖರ್ಚು ಇರೋದು ಸುಟ್ಟು ಹೋಗೋ ವಸ್ತುಗಳಲ್ಲಿ. ರಾಡ್ ಅಂದರೆ ತಾನೂ ಕರಗಿ ಬೆಸುಗೆ ತುಂಬೋ, ಮೇಲೆ ಲೇಪ ಇರೋ ಲೋಹದ ಕಡ್ಡಿ. 3.15 ಮಿಲಿಮೀಟರ್ ರಾಡನ್ನು 100 ಆಂಪಿಯರ್ ಆಸುಪಾಸಿನಲ್ಲಿ ಹಿಡಿದರೆ ಒಂದು ನಿಮಿಷ, ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲಿ ಖಾಲಿ. ಕಟಿಂಗ್ ವೀಲ್ ಸವೆಯುತ್ತೆ, ಗ್ರೈಂಡಿಂಗ್ ವೀಲ್ ಸವೆಯುತ್ತೆ, ಕೈಗವಸಿಗೆ ತೂತು ಬೀಳುತ್ತೆ. ಕಬ್ಬಿಣವಂತೂ ತೂಕದ ಲೆಕ್ಕ. ಗುಜರಿ ಅಂಗಡಿಗೆ ಹೋಗುವವರು ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತೆ. 12 ಮಿಲಿಮೀಟರ್ ಸರಳು ಮೀಟರಿಗೆ ಸುಮಾರು 890 ಗ್ರಾಂ. ತಕ್ಕಡಿಯ ಮುಂದೆ ಬಾಯಿಲೆಕ್ಕ ಹೇಳಿ ನೋಡಿ, ಅಂಗಡಿಯವರು ನಿಮ್ಮನ್ನು ಮಾತಾಡಿಸೋ ಧಾಟಿಯೇ ಬೇರೆಯಾಗುತ್ತೆ.

ನಮ್ಮ ಪಿ.ಬಿ. ರಸ್ತೆಯ ಮೇಸ್ತ್ರಿ ಒಬ್ಬರ ಹತ್ತಿರ ಕಲಿಯೋಕೆ ಶುರು ಮಾಡಿದಾಗ ಅವರು ನಕ್ಕು ಹೇಳಿದ ಮಾತು: "ಮೇಡಂ, ನೀವು ಸುಡೋದು ರಾಡ್ ಅಲ್ರೀ, ರೊಕ್ಕ." ಅವರ ದೃಷ್ಟಿಯಲ್ಲಿ ಅದು ಸರಿ. ಅವರ ಅಂಗಡಿಯಲ್ಲಿ ಪ್ರತಿ ರಾಡಿಗೂ ಒಂದು ಗೇಟು, ಒಂದು ಟ್ರ್ಯಾಕ್ಟರ್ ಟ್ರಾಲಿ, ಇಲ್ಲಾ ಒಂದು ಕೂರಿಗೆ ಕಾದಿರುತ್ತೆ. ಮೂವತ್ತು ವರ್ಷ ಬೆಸೆದ ಕೈ ಅದು. ಆದರೂ ತನ್ನ ಖುಷಿಗೆ ಅಂತ ಒಂದು ಗುಬ್ಬಿ ಮಾಡೋ ಪುರುಸೊತ್ತು ಅವರಿಗೆ ಸಿಕ್ಕಿಲ್ಲ. ನಾನು ದುಡ್ಡು ಕೊಟ್ಟು ಕೊಂಡುಕೊಂಡಿರೋದು ನಿಜಕ್ಕೂ ಆ ಪುರುಸೊತ್ತನ್ನ. ಸುಟ್ಟದ್ದು ಕೆಟ್ಟರೆ ಗಿರಾಕಿ ಬಂದು ಬಯ್ಯೋದಿಲ್ಲ ಅನ್ನೋ ಸ್ವಾತಂತ್ರ್ಯ ಅದು. ನನಗಿಂತ ನೂರು ಪಟ್ಟು ಚೆನ್ನಾಗಿ ಬೆಸೆಯುವವರಿಗೆ ಅದು ಇಲ್ಲವಲ್ಲ ಅಂತ ಆಗಾಗ ಚುಚ್ಚುತ್ತೆ ಕೂಡ.

ಕಬ್ಬಿಣದ ಶಿಲ್ಪದ ಚರಿತ್ರೆಯನ್ನೇ ನೋಡಿ. ಸ್ಪೇನಿನ ಹೂಲಿಯೊ ಗೊನ್ಸಾಲೆಸ್ 1918ರಲ್ಲಿ ಪ್ಯಾರಿಸಿನ ಬಳಿ ರೆನೋ ಕಾರ್ಖಾನೆಯಲ್ಲಿ ಕೂಲಿಗೆ ಇದ್ದಾಗ ಗ್ಯಾಸ್ ವೆಲ್ಡಿಂಗ್ ಕಲಿತರು. ಆಗಲೇ ನಲವತ್ತು ದಾಟಿತ್ತು. ಹತ್ತು ವರ್ಷ ಕಳೆದ ಮೇಲೆ ಪಿಕಾಸೊ ಲೋಹದ ಶಿಲ್ಪಕ್ಕೆ ಕೈ ಹಾಕಿದಾಗ ಬೆಸೆದು ಕೊಟ್ಟವರು ಇವರೇ. ಅಮೆರಿಕದ ಡೇವಿಡ್ ಸ್ಮಿತ್ 1925ರಲ್ಲಿ ಸ್ಟೂಡಿಬೇಕರ್ ಕಾರ್ಖಾನೆಯಲ್ಲಿ ದುಡಿದು ಲೋಹದ ಕೆಲಸಕ್ಕೆ ಕೈ ಪಳಗಿಸಿಕೊಂಡರು. ಇಬ್ಬರ ಕಲಿಕೆಯ ಖರ್ಚನ್ನೂ ಕಾರ್ಖಾನೆ ಹೊತ್ತಿತು. ನಮ್ಮ ಕಡೆಯೂ ಅಂಥ ಜಾಗಗಳಿದ್ದವು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ತಯಾರಿಸುತ್ತಿದ್ದ ಕಾಲದಲ್ಲಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಲೋಹದ ಕೆಲಸ ಗೊತ್ತಿದ್ದವರು ಇದ್ದರು. ಈಗ ಹುಡುಗರಿಗೆ ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಕೋರ್ಸ್ ಇದೆ. ನನ್ನಂಥ ಹವ್ಯಾಸಿಗೆ ಕಾರ್ಖಾನೆಯೂ ಇಲ್ಲ, ಐಟಿಐಯೂ ಇಲ್ಲ. ಕೈಯಿಂದಲೇ ಕೊಡಬೇಕು.

ಕೊಟ್ಟದ್ದಕ್ಕೆ ಏನು ಸಿಗುತ್ತೆ? ಮೊದಲು ಸಿಗೋದು ಕಣ್ಣು. ಮುಖಕ್ಕೆ ಹಿಡಿದ ಕಪ್ಪು ಗಾಜಿನ ಹಿಂದಿನಿಂದ ಹೊಸಬರು ಬೆಳಕನ್ನೇ ನೋಡ್ತಾ ಕೂರುತ್ತಾರೆ. ನೋಡಬೇಕಾದ್ದು ಬೆಳಕಿನ ಬುಡದಲ್ಲಿ ಕರಗಿ ನಿಂತ ಪುಟ್ಟ ಲೋಹದ ಮಡುವನ್ನ. ರಾಡಿನ ತುದಿಯಿಂದ ಕಬ್ಬಿಣಕ್ಕೆ ಹಾಯೋ ವಿದ್ಯುತ್ತಿನ ಉರಿಗೆ ಆರ್ಕ್ ಅಂತಾರೆ, ಅದರ ಬಿಸಿ ಸುಮಾರು 6,000 ಡಿಗ್ರಿ. ಉಕ್ಕು ಕರಗೋಕೆ 1,500 ಸಾಕು. ಆ ಮಡು ಅಗಲ ಆಯ್ತೋ, ನಿಧಾನಿಸಿದ್ದೀವಿ ಅಂತ. ಸಣಕಲಾಯ್ತೋ, ಓಡುತ್ತಿದ್ದೀವಿ ಅಂತ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಸಂದು ಇರಬೇಕು, ರಾಡು ಕರಗಿ ಮೋಟಾಗುತ್ತಾ ಹೋದ ಹಾಗೆ ಕೈ ಇಳಿಯುತ್ತಾ ಬರಬೇಕು. ರೇಡಿಯೋದಲ್ಲಿ ಮಡು ತೋರಿಸೋಕೆ ಆಗಲ್ಲ, ಸದ್ದು ಹೇಳಬಲ್ಲೆ: ಸಂದು ಸರಿಯಿದ್ದಾಗ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗಿನ ಒಂದೇ ಸಮನೆ ಚರಚರ. ಸಂದು ಹೆಚ್ಚಾದರೆ ಸದ್ದು ಒಡೆಯುತ್ತೆ, ಕಿಡಿ ಚೆಲ್ಲುತ್ತೆ.

ರಸಾಯನಶಾಸ್ತ್ರದವಳಾಗಿ ನನಗೆ ರಾಡಿನ ಮೇಲಿನ ಲೇಪದ ಮೇಲೇ ಹೆಚ್ಚು ಪ್ರೀತಿ. ಎಲ್ಲ ಅಂಗಡಿಯಲ್ಲೂ ಸಿಗೋ 6013 ರಾಡಿನ ಲೇಪದಲ್ಲಿ ಮುಖ್ಯವಾಗಿರೋದು ರೂಟೈಲ್, ಅಂದರೆ ಟೈಟಾನಿಯಂ ಡೈಆಕ್ಸೈಡ್. ಕೇರಳದ ಕಡಲತೀರದ ಮರಳಿನಲ್ಲಿ ಸಿಗೋ ಖನಿಜ. ಗೋಡೆಗೆ ಬಳಿಯೋ ಬಿಳಿ ಬಣ್ಣಕ್ಕೆ ಬಿಳುಪು ಕೊಡೋದೂ ಅದೇ ವಸ್ತು. ಲೇಪ ಉರಿದಾಗ ಹೊಮ್ಮೋ ಅನಿಲ, ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುತ್ತೆ. ಉಳಿದದ್ದು ಸ್ಲ್ಯಾಗ್ ಆಗಿ ಮೇಲೆ ಹೆಪ್ಪುಗಟ್ಟುತ್ತೆ. ಸುತ್ತಿಗೆಯಿಂದ ತಟ್ಟಿ ಅದನ್ನ ಎಬ್ಬಿಸಬೇಕು. ಬೆಸುಗೆ ಚೆನ್ನಾಗಿ ಬಂದಿದ್ದರೆ ಉದ್ದಕ್ಕೆ ತಾನಾಗಿ ಎದ್ದು ಬರೋದೂ ಉಂಟು. ಈ ಖುಷಿಗೆ ಬೆಲೆ ಕಟ್ಟೋರು ಕಟ್ಟಲಿ.

ನಮ್ಮ ಸೀಮೆಯ ಗುಜರಿಯಲ್ಲಿ ಸಿಗೋದೆಲ್ಲ ಹೊಲದ ಸಾಮಾನು: ನೇಗಿಲಿನ ಡಿಸ್ಕು, ಟ್ರ್ಯಾಕ್ಟರ್ ಚೈನು, ಲಾರಿಯ ಪಟ್ಟಾ, ಸವೆದ ಬೇರಿಂಗು. ಆಕಾರ ಕಂಡರೆ ಆಸೆಯಾಗುತ್ತೆ. ಡಿಸ್ಕು ನೋಡಿದ ಕೂಡಲೇ ನವಿಲಿನ ಮೈ ಕಾಣುತ್ತೆ. ಆದರೆ ಅದೆಲ್ಲ ಇಂಗಾಲ ಹೆಚ್ಚಿರೋ ಗಟ್ಟಿ ಉಕ್ಕು. ಸಾಮಾನ್ಯ ರಾಡಿನಲ್ಲಿ ಹಾಗೇ ಬೆಸೆದರೆ, ಆರುತ್ತಾ ಬಂದಾಗ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತೆ. ಮೊದಲು ಕಾಯಿಸಬೇಕು, 7018 ರಾಡ್ ಹಾಕಬೇಕು, ಆಮೇಲೆ ನಿಧಾನವಾಗಿ ಆರಲು ಬಿಡಬೇಕು. ಆ ರಾಡು ತೇವ ಹೀರಿದರೆ ಕೆಲಸಕ್ಕೆ ಬರಲ್ಲ. ಹಳೇ ಪಂಪಿನ ಎರಕದ ಕಬ್ಬಿಣಕ್ಕೆ ನಿಕಲ್ ರಾಡು ಬೇಕು, ಅದರ ಬೆಲೆ ಕೇಳಿದರೆ ಪಂಪನ್ನ ಅಲ್ಲೇ ಬಿಟ್ಟು ಬರ್ತೀರಿ. ಸ್ಟೀಲಿನ ನಯವಾದ ಕೆಲಸಕ್ಕೆ ಟಿಗ್, ಅಂದರೆ ಆರ್ಗಾನ್ ಅನಿಲದ ಕಾವಲಿನಲ್ಲಿ ಬೆಸೆಯೋ ವಿಧಾನ, ಬೇಕು ಅಂದಿರೋ, ಆರ್ಗಾನ್ ಸಿಲಿಂಡರಿನ ಖರ್ಚು: 7 ಘನ ಮೀಟರಿನದು ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟರೆ ಹದಿನಾಲ್ಕು ಗಂಟೆ ಚಿಲ್ಲರೆ. ನಾನು ಆ ಕಡೆ ಹೋಗಿಲ್ಲ, ಹೋಗೋ ಇರಾದೆಯೂ ಇಲ್ಲ.

ಉಳಿಸಬಾರದ ಕಡೆ ಉಳಿಸೋರನ್ನ ಕಂಡರೆ ಮಾತ್ರ ನನಗೆ ಸಿಟ್ಟು. ಸಾದಾ ಕಪ್ಪು ಕನ್ನಡಕ ಹಾಕಿಕೊಂಡು ಬೆಸೆಯುವವರು ಇವತ್ತಿಗೂ ಇದ್ದಾರೆ. ವೆಲ್ಡಿಂಗಿಗೆ ಅಂತಲೇ ಮಾಡಿದ, 10 ಇಲ್ಲಾ 11ನೇ ಶೇಡಿನ, ಅಂದರೆ ಅಷ್ಟು ಕಪ್ಪಿನ ಗಾಜೇ ಬೇಕು. ಆರ್ಕಿನ ಅತಿನೇರಳೆ ಕಿರಣ ಕಣ್ಣಿಗೆ ಹೊಡೆದರೆ ಆಗ ಗೊತ್ತಾಗಲ್ಲ. ಕೆಲವು ಗಂಟೆ ಬಿಟ್ಟು, ರಾತ್ರಿ ಮಲಗೋ ಹೊತ್ತಿಗೆ, ಮರಳು ಬಿದ್ದ ಹಾಗೆ ಒತ್ತುತ್ತೆ. ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗೋ ರೂಢಿ ಬಿಟ್ಟು ಕಣ್ಣಿನ ವೈದ್ಯರ ಹತ್ತಿರ ಹೋಗಿ. ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತೆ. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತೆ, ಉಸಿರಿಗೆ ಹೋದರೆ ಸಂಜೆಗೆ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತೆ ಅಂತಾರೆ. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗಿರೋದು ಶ್ವಾಸಕೋಶಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಯಲಲ್ಲಿ ಬೆಸೆಯಿರಿ, ಗಾಳಿ ಬರೋ ದಿಕ್ಕಿಗೆ ಬೆನ್ನಲ್ಲ, ಪಕ್ಕ ಕೊಟ್ಟು ಕೂರಿ; ಬೆನ್ನು ಕೊಟ್ಟರೆ ಹೊಗೆ ಎದೆಯ ಹತ್ತಿರವೇ ಸುತ್ತುತ್ತೆ. ಹೊಗೆಗೆ ಅಂತಲೇ ಇರೋ ಮಾಸ್ಕ್ ಹಾಕಿ. ಹಳೇ ಪೆಟ್ರೋಲ್ ಟ್ಯಾಂಕಿನ ಸುದ್ದಿಗೆ ಹೋಗಲೇಬೇಡಿ.

ಕಲಿಯೋ ಮನಸ್ಸಿದ್ದವರು ಮಷಿನ್ ಆಮೇಲೆ ಕೊಳ್ಳಿ, ಮೊದಲು ಮೇಸ್ತ್ರಿಯನ್ನ ಹಿಡೀರಿ. ಮುಂಗಾರಿನ ಮುಂಚೆ ಹೋಗಬೇಡಿ; ಕುಂಟೆ, ಕೂರಿಗೆ ರಿಪೇರಿಗೆ ರೈತರು ಸಾಲು ನಿಂತಿರ್ತಾರೆ. ಬಿತ್ತನೆ ಮುಗಿದು ಅಂಗಡಿ ಬಿಡುವಾದಾಗ ಹೋಗಿ, ಅವರ ದಿನಗೂಲಿ ಎಷ್ಟೋ ಅಷ್ಟನ್ನ ಮೊದಲೇ ಕೈಗಿಟ್ಟು ಕೇಳಿ. ರಾಡ್ ನಿಮ್ಮದೇ ತಗೊಂಡು ಹೋಗಿ. ಮೈಗೆ ಹತ್ತಿ ಬಟ್ಟೆಯೇ ಇರಲಿ. ಪಾಲಿಯೆಸ್ಟರ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತೆ. ಹೆಣ್ಣುಮಕ್ಕಳು ಸೆರಗು, ದುಪ್ಪಟ್ಟಾ ಮನೆಯಲ್ಲಿ ಬಿಟ್ಟು, ಕಾಲಿಗೆ ಬೂಟು ಹಾಕಿಕೊಂಡು ಬನ್ನಿ. ಪ್ಯಾಂಟನ್ನ ಬೂಟಿನ ಒಳಗೆ ಸಿಗಿಸಬೇಡಿ, ಮೇಲಿಂದ ಬಿಡಿ, ಇಲ್ಲದಿದ್ದರೆ ಕಿಡಿ ನೇರ ಬೂಟಿನ ಒಳಗೇ ಇಳಿಯುತ್ತೆ.

ನಮಸ್ಕಾರ.