ಸೊನ್ನೆ ಬೇರೆ, ಖಾಲಿ ಬೇರೆ

ನಮಸ್ಕಾರ. ಹಿಂದುಗಡೆ ಬರ್ತಿರೋ ಸದ್ದು ಮೈಕಿನದ್ದಲ್ಲ, ತಗಡಿನ ಮೇಲೆ ಬೀಳ್ತಿರೋ ಪುನರ್ವಸು ಮಳೆದು. ಕರೆಂಟು ಇರೋದ್ರೊಳಗೆ ಹೇಳಿ ಮುಗಿಸ್ತೀನಿ.

ತೀರ್ಥಹಳ್ಳಿ ಹತ್ತಿರದ ನಮ್ಮನೇಲಿ ಅಜ್ಜನ ಮಳೆಪಟ್ಟಿ ಇದೆ. ಉದ್ದನೆ ಲೆಕ್ಕದ ಪುಸ್ತಕ, ಅಂಚಿಗೆ ಗೆದ್ದಲು ಬಾಯಿ ಹಾಕಿದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರು ಅಳೆದು ತಾರೀಖಿನ ಎದುರಿಗೆ ಬರೆಯೋದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಔಷಧಿ ಹೊಡೆದದ್ದು’. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ದಿನ ಅಂತ ಅರ್ಥ. ಮಳೆ ಬರದಿದ್ರೆ ಸೊನ್ನೆ ಬರೀಬೇಕು, ಬಿಡೋ ಹಾಗಿಲ್ಲ. ಒಂದು ವರ್ಷ ಆಗಸ್ಟಿನಲ್ಲಿ ಮಾತ್ರ ಹನ್ನೊಂದು ದಿನ ಖಾಲಿ. ಅಜ್ಜ ಜ್ವರ ಬಂದು ಮಲಗಿದ್ರಂತೆ, ಉಳಿದವರಿಗೆ ಪುರುಸೊತ್ತಿಲ್ಲ. ಆ ವರ್ಷ ಒಟ್ಟು ಎಷ್ಟು ಮಳೆ ಅಂತ ಇನ್ನು ಬ್ರಹ್ಮ ಬಂದ್ರೂ ಹೇಳೋಕಾಗಲ್ಲ.

ಇದೇ ಜಾತಿಯ ಮನುಷ್ಯ ಒಬ್ಬರು ಅಮೆರಿಕದಲ್ಲಿದ್ರು, ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್. 1958ರ ಮಾರ್ಚಿನಲ್ಲಿ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿ ಬೆಟ್ಟದ ಮೇಲೆ, ಭೂಮಿ ಬಿಸಿ ಮಾಡೋ ಅನಿಲ ಅಂತಾರಲ್ಲ, ಗಾಳಿಯ ಆ ಇಂಗಾಲದ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದ್ರು. ಮೊದಲ ಲೆಕ್ಕ 313 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 313 ಪಾಲು. ಹತ್ತು ಲಕ್ಷ ಅಡಿಕೆ ರಾಶೀಲಿ 313 ಗೋಟು ಅಂದ್ಕೊಳ್ಳಿ. 2013ರ ಮೇ ತಿಂಗಳಲ್ಲಿ ಮೊದಲ ಸಲ ದಿನದ ಸರಾಸರಿ 400 ಮುಟ್ಟಿತು. 2025ರ ಮೇ ಸರಾಸರಿ 430 ದಾಟಿದೆ. ಅಂಟಾರ್ಕ್ಟಿಕಾದ ಹಿಮ ಕೊರೆದು ತೆಗೆದ ಎಂಟು ಲಕ್ಷ ವರ್ಷದ ಗಾಳಿಗುಳ್ಳೆಗಳಲ್ಲಿ, ಕೈಗಾರಿಕೆ ಬರೋ ತನಕ, ಎಲ್ಲೂ 300ರ ಮೇಲೆ ಹೋದದ್ದೇ ಇಲ್ಲ.

ಇದನ್ನು ಹೇಳಿದ್ರೆ ನಮ್ಮ ಕಡೆಯವರದ್ದು ಒಂದೇ ಮಾತು: ‘ಅದೆಲ್ಲ ಬೆಂಗಳೂರಿನವರ ತಲೆನೋವು ಮಾರಾಯ್ರೆ, ನಮಗೆ ಕಾಡಿದೆ.’

ಕಾಡಿದೆ, ಸರಿ. ಆದ್ರೆ ಕೀಲಿಂಗರ ಮಾಪಕ ತಂದು ಆಗುಂಬೆ ಕಾಡೊಳಗೆ ಇಟ್ರೆ ಏನಾಗುತ್ತೆ? ರಾತ್ರಿ ಮರ, ಮಣ್ಣು, ಕೊಳೀತಿರೋ ದರಗು ಎಲ್ಲ ಉಸಿರು ಬಿಡ್ತವೆ, ಗಾಳಿ ಅಲ್ಲಾಡಲ್ಲ, ಅನಿಲ ನೆಲದ ಹತ್ತಿರವೇ ಕೂತ್ಕೊಳ್ಳುತ್ತೆ. ಬೆಳಗಿನ ಜಾವ ಅಂಕಿ ಮೇಲೆ. ಬಿಸಿಲೇರಿದ ಹಾಗೆ ಎಲೆಗಳು ಎಳ್ಕೊಳ್ತವೆ, ಗಾಳಿ ಕಲೆಸುತ್ತೆ, ಮಧ್ಯಾಹ್ನ ಅಂಕಿ ಕೆಳಗೆ. ಕೀಲಿಂಗ್ ಇದನ್ನು ಮೊದಲು ನೋಡಿದ್ದು ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ. ರಾತ್ರಿ ಲೆಕ್ಕ ಜಾಗಕ್ಕೊಂದು ಥರ, ಮಧ್ಯಾಹ್ನದ್ದು ಮಾತ್ರ ಎಲ್ಲಿ ಹೋದ್ರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಳೆಯೋಕೆ ಮೌನಾ ಲೋವಾನೇ ಸರಿ: ಗಿಡಮರ ಇಲ್ಲದ ಬರೀ ಲಾವಾ ಕಲ್ಲು, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ, ಸುತ್ತ ಪೆಸಿಫಿಕ್ ಸಾಗರ. ಅಲ್ಲೂ ಜ್ವಾಲಾಮುಖಿಯ ಹೊಗೆ ತಾಗಿದ ಗಂಟೆಗಳನ್ನು ಲೆಕ್ಕದಿಂದ ತೆಗೀತಾರೆ. ಆ ಮಧ್ಯಾಹ್ನದ ಒಂದೇ ಗಾಳಿಯನ್ನೇ ನಾವೂ ಉಸಿರಾಡೋದು. ಹಸಿರು ಜಾಸ್ತಿ ಇದೆ ಅಂತ ಶಿವಮೊಗ್ಗ ಜಿಲ್ಲೆಗೆ ಬೇರೆ ವಾತಾವರಣ ಯಾರೂ ಹಂಚಿಕೊಟ್ಟಿಲ್ಲ.

ಮೌನಾ ಲೋವಾದ ಅಂಕಿಗಳನ್ನು ಜೋಡಿಸಿ ಎಳೆದ ಗೆರೆಗೆ ಕೀಲಿಂಗ್ ಗೆರೆ ಅಂತಾರೆ. ಕಾಡಿನ ಕೆಲಸ ಆ ಗೆರೆಯಲ್ಲಿ ಕಾಣೋದೇ ಇಲ್ಲ ಅಂತಲ್ಲ. ಉತ್ತರಾರ್ಧಗೋಳದ ಗಿಡಮರಗಳು ಚಿಗುರಿ ಬೆಳೆಯೋವಾಗ ಅಂಕಿ ಇಳಿಯುತ್ತೆ, ಮೇ ತಿಂಗಳಲ್ಲಿ ತುದಿ, ಸೆಪ್ಟೆಂಬರ್–ಅಕ್ಟೋಬರಲ್ಲಿ ತಳ. ವರ್ಷಕ್ಕೊಂದು ಉಸಿರು. ಆದ್ರೆ ಪ್ರತಿ ಉಸಿರೂ ಹಿಂದಿನದ್ದಕ್ಕಿಂತ ಮೇಲಿಂದ ಶುರುವಾಗುತ್ತೆ, ಆರೇಳು ಪಿಪಿಎಂ ಇಳಿದ್ರೂ ಮುಂದಿನ ಮೇ ಹೊತ್ತಿಗೆ ಇಳಿದದ್ದಕ್ಕಿಂತ ಜಾಸ್ತಿ ಏರಿರುತ್ತೆ.

ನನ್ನ ತಕರಾರಿಗೆ ಬರ್ತೀನಿ. ಅಳೆಯೋ ಕೆಲಸಕ್ಕೆ ಫೋಟೋ ಇಲ್ಲ. ವನಮಹೋತ್ಸವಕ್ಕೆ ಹಾರೆ ಹಿಡಿದು ನಿಲ್ಲೋಕೆ ಜನ ಸಿಗ್ತಾರೆ, ಮುಂದಿನ ವರ್ಷ ಅದೇ ಗುಂಡಿ, ಹೊಸ ಸಸಿ. ನಮ್ಮ ಪಕ್ಕದೂರಿನ ಶಾಲೆಗೊಂದು ಮಳೆಮಾಪಕ ಕೊಟ್ಟಿದ್ರು, ಹೋದ್ಸಲ ನೋಡಿದ್ರೆ ಅದ್ರೊಳಗೆ ತುಳಸಿ ಗಿಡ!

ನಮ್ಮವರು ಮಾತ್ರ ಹೀಗೆ ಅಂದ್ಕೋಬೇಡಿ. 1964ರಲ್ಲಿ, ನಮ್ಮ ಲಿಂಗನಮಕ್ಕಿ ಕಟ್ಟೆ ಮುಗಿದ ವರ್ಷ, ದುಡ್ಡು ಕಡಿತ ಆಗಿ ಮೌನಾ ಲೋವಾದ ಅಳತೆಯೇ ಕೆಲವು ತಿಂಗಳು ನಿಂತಿತ್ತು. ಕೀಲಿಂಗ್ ಗೆರೆಯಲ್ಲಿ ಆ ಸಂದು ಈಗಲೂ ಕಾಣುತ್ತೆ, ಅಜ್ಜನ ಆಗಸ್ಟಿನ ಹಾಗೆ. 2022ರ ನವೆಂಬರಲ್ಲಿ ಬೆಟ್ಟ ಸಿಡಿದು ಲಾವಾ ಹರಿದು ರಸ್ತೆ, ಕರೆಂಟು ಎರಡೂ ಕಡಿದಾಗ, ಪಕ್ಕದ ಮೌನಾ ಕಿಯಾ ಮೇಲೆ ಮಾಪಕ ಇಟ್ಟು ಅಳೆದ್ರು. ಬೆಟ್ಟ ಸಿಡಿದ್ರೆ ದಾರಿ ಹುಡುಕಬಹುದು. 2025ರಲ್ಲಿ ಅಮೆರಿಕದ ಬಜೆಟ್ ಪ್ರಸ್ತಾವದಲ್ಲಿ ಈ ಸಂಶೋಧನೆಯ ದುಡ್ಡಿಗೇ ಕತ್ತರಿ ಹಾಕೋ ಮಾತು ಬಂತು. ಅದು ಲಾವಾಗಿಂತ ಕಷ್ಟ. ಕೀಲಿಂಗ್ 2005ರಲ್ಲಿ ತೀರಿಕೊಂಡ್ರು, ಈಗ ಮಗ ರಾಲ್ಫ್ ಕೀಲಿಂಗ್ ನೋಡ್ಕೊಳ್ತಾರೆ. ಅಪ್ಪನ ಪುಸ್ತಕ ಮಗ ಮುಂದುವರಿಸೋದು ನಮಗೆ ಹೊಸದಲ್ಲ, ಅಡಿಕೆ ಲೆಕ್ಕದ ಮಟ್ಟಿಗಾದ್ರೂ.

ನಿಮ್ಮನೆ ಅಟ್ಟದಲ್ಲೂ ಇಂಥ ಮಳೆಪಟ್ಟಿ ಇದ್ರೆ ಗುಜರಿಯವನಿಗೆ ಹಾಕ್ಬೇಡಿ. ಒಂದೊಂದು ಪುಟ ಫೋಟೋ ತೆಗೆದಿಡಿ, ಖಾಲಿ ಪುಟಾನೂ ಸೇರಿಸಿ. ನಮ್ಮನೇದು ನಾನು 1971ರ ತನಕ ಮುಗಿಸಿದೀನಿ. ಅಜ್ಜನ 1 ಮತ್ತು 7 ನನಗಿನ್ನೂ ಗೊತ್ತಾಗಲ್ಲ, ಅಪ್ಪನ್ನ ಕೂರಿಸ್ಕೊಂಡು ಕೇಳ್ಬೇಕು.