ಇಂಡಿಕೇಟರ್ ತಾನಾಗಿ ಆಫ್ ಆಗುತ್ತಿಲ್ವಾ? ಸ್ಟೀರಿಂಗ್ ಒಳಗೆ ನೋಡೋಣ

[ದೃಶ್ಯ: ಡ್ಯಾಶ್‌ಬೋರ್ಡ್. ಟಿಕ್ ಟಿಕ್ ಸದ್ದು]

ತಿರುವು ಮುಗಿದು ಕಾರು ನೇರ ಹೋಗುತ್ತಿದೆ. ಇಂಡಿಕೇಟರ್ ಮಾತ್ರ ಇನ್ನೂ ಟಿಕ್ ಟಿಕ್ ಅಂತಿದೆ. ಹಿಂದಿನವರಿಗೆ ನೀವು ಎತ್ತ ಹೊರಟಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಸುಮ್ನೆ ಸ್ಪ್ಯಾನರ್ ಹಿಡಿಯಬೇಡಿ. ಒಂದು ಕಡೆ ಮಾತ್ರ ಬೇಗ ಬೇಗ ಮಿನುಗಿದರೆ ಬಲ್ಬ್ ಹೋಗಿರುವುದೇ ಜಾಸ್ತಿ. ಏನೂ ಉರಿಯದಿದ್ದರೆ ಮೊದಲು ಫ್ಯೂಸ್ ನೋಡಿ. ಲೈಟೆಲ್ಲ ಸರಿಯಿದ್ದು ಲಿವರ್ ಮಾತ್ರ ವಾಪಸ್ ಬಾರದಿದ್ದರೆ, ತೊಂದರೆ ಸ್ಟೀರಿಂಗ್ ಹಿಂದೆ ಇದೆ.

[ದೃಶ್ಯ: ಬಿಚ್ಚಿದ ಸ್ವಿಚ್, ತೀರಾ ಹತ್ತಿರದಿಂದ]

ಇಲ್ಲಿ ನೋಡಿ, ಉಗುರಿನಷ್ಟಗಲದ ಪ್ಲಾಸ್ಟಿಕ್ ನಾಲಿಗೆ. ಅದರ ಹಿಂದೆ ಕೂದಲೆಳೆಯಂಥ ಸ್ಪ್ರಿಂಗ್. ಸ್ಟೀರಿಂಗ್ ಜೊತೆ ತಿರುಗುವ ಈ ಉಂಗುರದಲ್ಲಿ ಹಲ್ಲುಗಳಿವೆ. ಬಲಕ್ಕೆ ಇಂಡಿಕೇಟರ್ ಹಾಕಿದಾಗ ನಾಲಿಗೆ ಹೊರಗೆ ಚಾಚುತ್ತದೆ. ಬಲಕ್ಕೆ ತಿರುಗಿಸುವಾಗ ಹಲ್ಲು ತಾಗಿದರೆ ಬಾಗಿ ದಾರಿ ಬಿಡುತ್ತದೆ. ಸ್ಟೀರಿಂಗ್ ವಾಪಸ್ ಬರುವಾಗ ಮಾತ್ರ ಬಾಗುವುದಿಲ್ಲ. ಹಲ್ಲು ಅದನ್ನು ತಳ್ಳುತ್ತದೆ, ಲಿವರ್ ಟಕ್ ಅಂತ ನಡುವಿಗೆ ಬರುತ್ತದೆ. ಇದರಲ್ಲಿ ಕರೆಂಟಿನ ಕೆಲಸವೇ ಇಲ್ಲ!

ನಾಲಿಗೆ ಸವೆದರೆ, ಹಲ್ಲು ಮುರಿದರೆ, ಸ್ಪ್ರಿಂಗ್ ಹಾರಿದರೆ, ಇಲ್ಲಾ ಗ್ರೀಸ್ ಒಣಗಿ ಅಂಟಾದರೆ ಕಥೆ ಮುಗಿಯಿತು. ಈಚಿನ ಕೆಲವು ಕಾರುಗಳಲ್ಲಿ ಇದೆಲ್ಲ ಎಲೆಕ್ಟ್ರಾನಿಕ್. ಅವಕ್ಕೆ ಈ ರಿಪೇರಿ ನಡೆಯುವುದಿಲ್ಲ.

[ದೃಶ್ಯ: ಬ್ಯಾಟರಿ]

ಬಿಚ್ಚುವ ಮುಂಚೆ ಚಕ್ರ ನೇರ ಮಾಡಿ. ಬ್ಯಾಟರಿಯ ನೆಗೆಟಿವ್ ತೆಗೆದು, ನಿಮ್ಮ ಕಾರಿನ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಇದರಲ್ಲಿ ಆತುರ ಬೇಡವೇ ಬೇಡ. ಅಭ್ಯಾಸ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ ಕೈಗೆ ಕೊಡಿ. ಸ್ಟೀರಿಂಗ್ ನಡುವಿನ ಏರ್‌ಬ್ಯಾಗನ್ನು ತೆಗೆದು, ಮುಖ ಮೇಲಾಗಿಯೇ ಇಡಿ.

ಸ್ಟೀರಿಂಗ್ ಕೂರುವ ಕಂಬಿಗೂ (ಶಾಫ್ಟ್) ಸ್ಟೀರಿಂಗಿಗೂ ಸೇರಿ ಒಂದು ಗೆರೆ ಎಳೆಯಿರಿ. ನಡುವಿನ ನಟ್ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ನಾನು ಮೊದಲ ಸಲ ಪೂರ್ತಿ ತೆಗೆದು, ಬಲ ಹಾಕಿ ಎಳೆದೆ. ಸ್ಟೀರಿಂಗ್ ನೇರ ಗದ್ದಕ್ಕೇ ಬಂತು. ನಟ್ ನಾಲ್ಕು ಸುತ್ತು ಇದ್ದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಸ್ಟೀರಿಂಗ್ ಸಡಿಲಾದ ಮೇಲೆ ನಟ್ ಪೂರ್ತಿ ತೆಗೆದು, ಅದನ್ನು ಹೊರತನ್ನಿ.

ಒಳಗೆ ಕಾಣುವ ದುಂಡನೆಯದು ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೀರಿಂಗ್ ತಿರುಗಿದರೂ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ಒಯ್ಯುವ ಸುರುಳಿ ಪಟ್ಟಿ. ಟೇಪಿನಿಂದ ಅಲ್ಲಾಡದಂತೆ ಅಂಟಿಸಿ. ಅದು ನಡು ತಪ್ಪಿ ಕೂತರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪಟ್ಟಿ ಹರಿಯುತ್ತದೆ. ಹಾರ್ನೂ ಹೋಗುತ್ತದೆ, ಏರ್‌ಬ್ಯಾಗ್ ಲೈಟೂ ಹತ್ತಿಕೊಳ್ಳುತ್ತದೆ.

[ದೃಶ್ಯ: ಬ್ರಷ್, ಹಳೇ ಗ್ರೀಸ್]

ಬರೀ ಅಂಟಿದ್ದರೆ ಒರೆಸಿ, ಪ್ಲಾಸ್ಟಿಕ್‌ಗೆ ಒಗ್ಗುವ ಗ್ರೀಸ್ ಚೂರೇ ಚೂರು ಸವರಿ. ಕರೆಂಟ್ ಪಾಯಿಂಟ್‌ಗಳಿಗೆ ತಾಗಿಸಬೇಡಿ. ಮುರಿದ ನಾಲಿಗೆಗೆ ಗಮ್ ಹಾಕುವುದು ದಂಡ. ಬಿಡಿಭಾಗ ಸಿಗದಿದ್ದರೆ ಸ್ವಿಚ್ಚನ್ನೇ ಬದಲಿಸಿ.

ಕ್ಲಾಕ್ ಸ್ಪ್ರಿಂಗಿನ ಟೇಪ್ ತೆಗೆದು, ಗೆರೆಗೆ ಗೆರೆ ಕೂಡಿಸಿ ಸ್ಟೀರಿಂಗ್ ಹಾಕಿ, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ನಟ್ ಬಿಗಿ ಮಾಡಿ. ಏರ್‌ಬ್ಯಾಗ್ ಕೂರಿಸುವ ಮುಂಚೆಯೇ ಪರೀಕ್ಷೆ ಮಾಡಿ. ಬ್ಯಾಟರಿ ಬೇಕಿಲ್ಲ. ಸ್ಟೀರಿಂಗ್ ಲಾಕ್ ಮಾತ್ರ ಬಿಟ್ಟಿರಲಿ. ಲಿವರ್ ಎತ್ತಿ, ಸ್ಟೀರಿಂಗನ್ನು ಅದೇ ಕಡೆಗೆ ತಿರುಗಿಸಿ, ವಾಪಸ್ ತನ್ನಿ.

[ಸದ್ದು: ಟಕ್]

ಬಂತಲ್ಲ! ಇನ್ನೊಂದು ಕಡೆಯದನ್ನೂ ನೋಡಿಬಿಡಿ.