ಅಳಿಸಿದ ಸ್ಪಿನ್ ಬಿಟ್ಟುಹೋಗುವ ಬಂಧಗಳು

ಕೇಳುಗರಿಗೆ ನಮಸ್ಕಾರ.

ಚದುರಂಗದ ಹಾಸಿನಂಥ ಒಂದು ಜಾಲಕ. ಮನೆಗೊಂದು ಸ್ಪಿನ್, ಎಂದರೆ ಪುಟ್ಟ ಕಾಂತ; ಅದರ ಬೆಲೆ ಪ್ಲಸ್ 1, ಇಲ್ಲವೇ ಮೈನಸ್ 1. ಇದೇ ಐಸಿಂಗ್ ಮಾದರಿ. ನೆರೆಹೊರೆಯ ಬಂಧಶಕ್ತಿಯನ್ನು ಉಷ್ಣಶಕ್ತಿಯಿಂದ ಭಾಗಿಸಿ ಬಂದದ್ದನ್ನು ‘ಕೆ’ ಎನ್ನೋಣ. ಕಾಂತತೆ ಹುಟ್ಟುವ ಅಥವಾ ಅಳಿಯುವ ಕ್ರಾಂತಿಕ ತಾಪದ ಹತ್ತಿರ ಒಂದು ಸ್ಪಿನ್ನಿನ ಪ್ರಭಾವ ಬಹುದೂರ ಹರಡುತ್ತದೆ. ಬಿಡಿಬಿಡಿಯಾಗಿ ಲೆಕ್ಕ ಹಾಕಿ ಪೂರೈಸದು. 1966ರಲ್ಲಿ ಭೌತವಿಜ್ಞಾನಿ ಲಿಯೊ ಕಡನಾಫ್ ದಾರಿ ತೋರಿದರು: ಸ್ಪಿನ್‌ಗಳನ್ನು ಗುಂಪು ಮಾಡಿ, ಗುಂಪಿಗೆ ಒಂದನ್ನೇ ಇಟ್ಟುಕೊಳ್ಳಿ.

ಇನ್ನೂ ಸರಳವಾದದ್ದು, ಕಪ್ಪು ಮನೆಗಳ ಸ್ಪಿನ್‌ಗಳನ್ನೆಲ್ಲ, ಅವುಗಳ ಎರಡೂ ಬೆಲೆಗಳ ಮೇಲೆ ಮೊತ್ತ ಮಾಡಿ, ಅಳಿಸುವುದು. ಒಂದೇ ಸಾಲಿನ ಸರಪಳಿಯಲ್ಲಿ ಇದು ಕರಾರುವಾಕ್ಕು. ಹಾಸಿನಲ್ಲಿ ಹಾಗಲ್ಲ. ಅಳಿಸಿದ ಸ್ಪಿನ್ನಿಗೆ ನಾಲ್ಕು ಬಿಳಿ ನೆರೆಯವರು. ಚಿಹ್ನೆ ಬಿಟ್ಟರೆ ಅವರ ಮೊತ್ತ 4, 2 ಅಥವಾ 0. ಈ ಮೂರಕ್ಕೂ ಬೇರೆ ಬೇರೆ ತೂಕ. ಮೂರನ್ನೂ ಹೊಂದಿಸಲು ಒಂದು ಸ್ಥಿರಾಂಕ, ಜೋಡಿಗಳ ನಡುವೆ ಬಂಧ, ನಾಲ್ವರನ್ನೂ ಒಟ್ಟಿಗೆ ಕಟ್ಟುವ ಇನ್ನೊಂದು ಬಂಧ ಬೇಕು. ಅಳಿಸಿದ ಸ್ಪಿನ್ನಿನ ಎದುರುಬದುರು ಇರುವ ಬಿಳಿ ನೆರೆಯವರ ನಡುವೆ, ಮೊದಲು ಇಲ್ಲದ ಕರ್ಣದ ಬಂಧವೂ ಈಗ ಹುಟ್ಟಿತು! ಅದರ ಬೆಲೆ, ‘4 ಕೆ’ಯ ಕಾಶ್‌ಗೆ (ಹೈಪರ್ಬೋಲಿಕ್ ಕೊಸೈನ್‌ಗೆ) ಸ್ವಾಭಾವಿಕ ಲಾಗ್ ತೆಗೆದು ಎಂಟರಿಂದ ಭಾಗಿಸಿದಷ್ಟು. ಅಕ್ಕಪಕ್ಕದ ಬಿಳಿಯರ ನಡುವಿನ ಪಕ್ಕದ ಬಂಧಕ್ಕೆ ಅಳಿಸಿದ ಎರಡು ಸ್ಪಿನ್‌ಗಳ ಕಡೆಯಿಂದಲೂ ಪಾಲು ಬರುವುದರಿಂದ ಇದರ ಎರಡರಷ್ಟು.

ಕರ್ಣವನ್ನು ಕೈಬಿಟ್ಟರೆ? ಹೊಸ ಕೆ ಯಾವಾಗಲೂ ಹಳೆಯದಕ್ಕಿಂತ ಕಡಿಮೆ. ಮತ್ತೆ ಮತ್ತೆ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಕಾಂತತೆ ಹುಟ್ಟುವ ಸಂಕ್ರಮಣವೇ ಇಲ್ಲ ಎಂಬ ಸುಳ್ಳು ಉತ್ತರ. ಕರ್ಣದ ಪಾಲನ್ನು ಪಕ್ಕದ ಬಂಧಕ್ಕೆ ಕೂಡಿಸಿ, ನಾಲ್ವರ ಬಂಧವನ್ನು ಬಿಟ್ಟರೆ ಸ್ಥಿರಬಿಂದು, ಎಂದರೆ ಹೊಸ ಕೆ ಹಳೆಯದಕ್ಕೇ ಸಮವಾಗುವ ಬೆಲೆ, 0.507ಕ್ಕೆ ನಿಲ್ಲುತ್ತದೆ. 1944ರ ಆನ್ಸಾಗರ್ ಪರಿಹಾರ ಕೊಡುವ ನಿಖರ ಬೆಲೆ 0.4407. ಒರಟು ಉಪಾಯವೇ ಸರಿ, ಆದರೂ ಪ್ರಭಾವ ಹರಡುವ ದೂರ, ಎಂದರೆ ಸಹಸಂಬಂಧ ದೂರ, ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ಹೇಳುವ ಘಾತಾಂಕ 1 ಬರಬೇಕಾದಲ್ಲಿ 0.93 ಬರುತ್ತದೆ. ಇಷ್ಟು ಅಗ್ಗದ ಲೆಕ್ಕಕ್ಕೆ ಅದು ದೊಡ್ಡದೇ.

ಕಂಪ್ಯೂಟರಿನಲ್ಲಾದರೆ ಬಹುಮತದ ನಿಯಮ: ಗುಂಪಿನಲ್ಲಿ ಹೆಚ್ಚು ಇರುವ ಬೆಲೆಯೇ ಗುಂಪಿನ ಬೆಲೆ. ಎರಡಕ್ಕೆರಡರ ಗುಂಪಿನಲ್ಲಿ ಸಮಬಲ ಬಂದಾಗ ನಾಣ್ಯ ಚಿಮ್ಮಿದಂತೆ ಯಾದೃಚ್ಛಿಕವಾಗಿ ಆರಿಸಬೇಕು. ಸದಾ ಪ್ಲಸ್ ಕೊಟ್ಟರೆ ಇಲ್ಲದ ಕಾಂತತೆ ತಲೆದೋರುತ್ತದೆ. ಬದಿಗೆ 64 ಇದ್ದದ್ದು 32, 16, 8 ಆಗುತ್ತದೆ. ಮೂರನೆಯ ಹೆಜ್ಜೆಗೇ ಉಳಿಯುವುದು ಒಟ್ಟು 64 ಸ್ಪಿನ್. ಅಂಚಿನ ಪರಿಣಾಮ ಆಗಲೇ ಮೇಲುಗೈ. ಅದಕ್ಕೇ ಒಮ್ಮೆ ಗುಂಪು ಮಾಡಿದ 64ರ ಜಾಲಕವನ್ನು, ಗುಂಪು ಮಾಡದ 32ರ ಜಾಲಕದೊಂದಿಗೇ ಹೋಲಿಸಿ. ಗಾತ್ರ ಒಂದೇ ಇರುವುದರಿಂದ ಅಂಚಿನ ತಪ್ಪು ಬಹುಪಾಲು ಎರಡೂ ಕಡೆ ಸಮ.

ಇನ್ನೊಂದು ಮಾತು. ಒಂದೊಂದೇ ಸ್ಪಿನ್ ತಿರುಗಿಸುತ್ತ ಹೋದರೆ ಕ್ರಾಂತಿಕ ತಾಪದಲ್ಲಿ ಒಂದರ ಹಿಂದೊಂದು ಬರುವ ಚಿತ್ರಗಳು ಅವಳಿಗಳಂತಿರುತ್ತವೆ. ಸಾವಿರ ಮಾದರಿ ಎಣಿಸಿದರೂ ನಿಜಕ್ಕೂ ಸ್ವತಂತ್ರವಾದವು ಕೆಲವೇ. ಇಡೀ ಗೊಂಚಲನ್ನೇ ತಿರುಗಿಸುವ ವೊಲ್ಫ್ ವಿಧಾನ ಬಳಸಿ, ಗುಂಪು ಮಾಡುವ ಕೆಲಸ ಆಮೇಲೆ.